ವಿದೇಶಿ ಅತಿಥಿಗಳಿಗೆ ನಮ್ಮ ದಿನನಿತ್ಯದ ಬದುಕು ಎಲ್ಲಿ ತಪ್ಪಾಗಿ ಅರ್ಥವಾಗುತ್ತದೆ?

ಮೇಲ್ಮಹಡಿ, ಮೈಸೂರು

ಗೋಕುಲಂನಲ್ಲಿರುವ ನಮ್ಮ ಮನೆಯ ಮೇಲ್ಮಹಡಿಯನ್ನು ಯೋಗ ಕಲಿಯಲು ಬರುವ ವಿದೇಶಿಯರಿಗೆ ಬಾಡಿಗೆಗೆ ಕೊಡುತ್ತೇವೆ. ಪಟ್ಟಾಭಿ ಜೋಯಿಸರ ಯೋಗಶಾಲೆ 2002ರಲ್ಲಿ ಲಕ್ಷ್ಮೀಪುರಂನಿಂದ ಇಲ್ಲಿಗೆ ಬಂದಾಗಿನಿಂದ ಈ ಬಡಾವಣೆಯ ಎಷ್ಟೋ ಮನೆಗಳಿಗೆ ಇದೇ ಕಸುಬು. ಕೋಣೆಯ ಗೋಡೆಗೆ ಅಂಟಿಸಲು ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ನೀರು ಬರುವ ಸಮಯ, ಕಸದ ಗಾಡಿ, ಗೇಟಿನ ಬೀಗ, ಇವೆಲ್ಲ ಸುಲಭ. ಕೈ ತಡೆಯುತ್ತಿರುವುದು ಉಳಿದ ವಿಷಯಗಳಲ್ಲಿ.

ಆಟೊ ಚಾಲಕ ತಲೆಯಾಡಿಸಿದರೆ ಬರಲು ಒಪ್ಪಲಿಲ್ಲ ಎಂದುಕೊಂಡು ಮುಂದೆ ನಡೆದುಬಿಡುತ್ತಾರೆ. ಪಕ್ಕದ ಮನೆಯ ಅಜ್ಜಿ ಮದುವೆಯಾಗಿದೆಯೇ, ಮಕ್ಕಳೆಷ್ಟು, ಸಂಬಳವೆಷ್ಟು ಎಂದು ವಿಚಾರಿಸಿದರೆ ತನಿಖೆಗೆ ಗುರಿಯಾದವರಂತೆ ಬೆವರುತ್ತಾರೆ. ಕಳೆದ ವರ್ಷ ಬಂದಿದ್ದ ಜರ್ಮನ್ ದಂಪತಿ ಹಬ್ಬದ ದಿನ ಬಾಗಿಲ ಮುಂದಿನ ರಂಗೋಲಿಯಲ್ಲಿ ಸ್ವಸ್ತಿಕ ಕಂಡು ಕೋಣೆ ಖಾಲಿ ಮಾಡಲು ಹೊರಟಿದ್ದರು. ನಿಮ್ಮ ಊರಿನಲ್ಲಿ ಏನೇನು ನಡೆದಿದೆ? ಆ ಒಂದು ಪುಟದಲ್ಲಿ ಏನಿರಲೇಬೇಕು, ಏನು ಬೇಡ?

ಕುಕ್ಕರಹಳ್ಳಿ ಏರಿ

ತಲೆಯಾಡಿಸುವುದಕ್ಕೆ ಚಿತ್ರ ಬಿಡಿಸಿ ಅಂಟಿಸಿ. ಬರವಣಿಗೆಯಲ್ಲಿ ವಿವರಿಸಲು ಹೋದರೆ ಅದಕ್ಕೇ ಒಂದು ಪುಟ ಬೇಕು.

ಎರಡನೇ ಡಿಕಾಕ್ಷನ್

ಚಿತ್ರವೂ ಸಾಲದು. ಅಡ್ಡಡ್ಡ ಆಡಿಸಿದರೆ ಇಲ್ಲ. ಒಂದು ಭುಜದಿಂದ ಇನ್ನೊಂದು ಭುಜಕ್ಕೆ ತೊಯ್ದಾಡಿಸಿದರೆ ಸರಿ. ಅದನ್ನೇ ಮೆಲ್ಲಗೆ, ಕಣ್ಣು ಬೇರೆಡೆ ಇಟ್ಟು ಮಾಡಿದರೆ “ನೀವು ಹೇಳುವುದು ಕೇಳಿಸುತ್ತಿದೆ, ಒಪ್ಪಿದ್ದೇನೆ ಎಂದಲ್ಲ”. ಈ ಮೂರನೆಯದೇ ಎಲ್ಲ ಜಗಳಗಳ ತಾಯಿ. ನಮ್ಮ ಕಚೇರಿಗೆ ಸ್ವೀಡನ್ನಿನಿಂದ ಬಂದ ಮೇಲಧಿಕಾರಿ ಸಭೆಯಲ್ಲಿ ಎಲ್ಲರೂ ತಲೆಯಾಡಿಸಿದ್ದನ್ನು ನೋಡಿ ಕೆಲಸ ಶುಕ್ರವಾರಕ್ಕೆ ಮುಗಿಯುತ್ತದೆ ಎಂದು ಊರಿಗೆ ತಿಳಿಸಿಯೇಬಿಟ್ಟರು. ಆ ಕೋಣೆಯಲ್ಲಿದ್ದ ಒಬ್ಬರಿಗೂ ಅಂಥ ಉದ್ದೇಶವಿರಲಿಲ್ಲ.

ಸ್ಟುಟ್‌ಗಾರ್ಟ್ ಕನ್ನಡಿಗ

ಸ್ವಸ್ತಿಕದ ಬಗ್ಗೆ ಸ್ವಲ್ಪ ತಾಳ್ಮೆಯಿಂದ ಯೋಚಿಸಬೇಕು. ಅದನ್ನು ಅವರ ಅಜ್ಞಾನ ಎಂದು ತಳ್ಳಿಹಾಕುವುದು ಸುಲಭ. ನಾಜಿ ಪಕ್ಷ ಆ ಗುರುತನ್ನು ಅಧಿಕೃತವಾಗಿ ಎತ್ತಿಕೊಂಡಿದ್ದು 1920ರಲ್ಲಿ. ಇಂದು ಇಲ್ಲಿ ಜರ್ಮನಿಯಲ್ಲಿ ದಂಡ ಸಂಹಿತೆಯ 86ಎ ಕಲಮಿನ ಪ್ರಕಾರ ಅದನ್ನು ಬಹಿರಂಗವಾಗಿ ಬಳಸುವುದು ಶಿಕ್ಷಾರ್ಹ ಅಪರಾಧ. ಪಾಠ, ಸಂಶೋಧನೆ, ಕಲೆಯಂಥ ಸಂದರ್ಭಗಳಿಗೆ ಮಾತ್ರ ವಿನಾಯಿತಿ ಉಂಟು. ಶಾಲೆಯಲ್ಲಿ ಮಕ್ಕಳನ್ನು ಸೆರೆಶಿಬಿರಗಳಿಗೆ ಕರೆದೊಯ್ದು ತೋರಿಸುತ್ತಾರೆ. ಹಾಗೆ ಬೆಳೆದವರು ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಅಂಗಳದಲ್ಲಿ ಅದನ್ನು ಕಂಡರೆ ಎದೆ ಧಸಕ್ ಎನ್ನುವುದು ಸಹಜ.

ನಮ್ಮವರು ಕೂಡಲೇ ಜ್ಯಾಮಿತಿ ಪಾಠ ಶುರು ಮಾಡುತ್ತಾರೆ: ಅವರದು ಓರೆ, ನಮ್ಮದು ನೆಟ್ಟಗೆ, ಅವರದು ಈ ಕಡೆಗೆ, ನಮ್ಮದು ಆ ಕಡೆಗೆ. ಅದನ್ನು ಬಿಡಿ, ನಮ್ಮಲ್ಲೇ ಎಡಕ್ಕೂ ಬಲಕ್ಕೂ ತಿರುಗಿದವು ಇವೆ. ಸಿಂಧೂ ಕಣಿವೆಯ ಮುದ್ರೆಗಳಲ್ಲೇ ಇದು ಸಿಕ್ಕಿದೆ, ಹಿಂದೂ ಜೈನ ಬೌದ್ಧ ಮೂವರಲ್ಲೂ ಮಂಗಳದ ಗುರುತು, ಬಾಗಿಲ ಮುಂದೆ ಇಡುವುದು ನಿಮ್ಮನ್ನೂ ಸೇರಿಸಿ ಒಳಗೆ ಬರುವ ಎಲ್ಲರ ಒಳಿತಿಗೆ. ಇಷ್ಟು ಸಾಕು.

ಬಸದಿ ಬೀದಿ

ಜೈನರ ಗುರುತಿನಲ್ಲಿ ಸ್ವಸ್ತಿಕದ ಮೇಲೆ ಮೂರು ಚುಕ್ಕಿ, ಅದರ ಮೇಲೆ ಅರ್ಧಚಂದ್ರವೂ ಇರುತ್ತದೆ. ಮೂಡುಬಿದಿರೆಗೆ ಬರುವವರಿಗೆ ಅದನ್ನು ತೋರಿಸಿದರೆ ಮಾತು ತಾನಾಗಿಯೇ ಬೇರೆ ದಾರಿ ಹಿಡಿಯುತ್ತದೆ.

ಉಣಕಲ್ ದಂಡೆ

ನಮ್ಮ ಹುಬ್ಬಳ್ಳಿಯ ಕಥೆ ಕೇಳಿ. ಪರಿಚಯದವರೊಬ್ಬರ ಮನೆಗೆ ಸ್ಪೇನಿನ ಹುಡುಗನೊಬ್ಬ ಬಂದಿದ್ದ. ಬೀದಿಯಲ್ಲಿ ಹಲಗೆಯ ಸದ್ದು, ಹೂವಿನಿಂದ ಸಿಂಗರಿಸಿದ ಪಲ್ಲಕ್ಕಿಯಂಥ ವಿಮಾನ, ಅದರಲ್ಲಿ ಪೇಟ ಸುತ್ತಿ ವಿಭೂತಿ ಧರಿಸಿ ಕುಳಿತ ಹಿರಿಯರು, ಹಿಂದೆ ಭಜನೆಯವರು. ಹುಡುಗ ಯಾರದೋ ಸನ್ಮಾನ ಎಂದುಕೊಂಡು ನಡುವೆ ನುಗ್ಗಿ ಕುಣಿದ. ಹಿರಿಯರತ್ತ ನಗುತ್ತ ಕೈ ಬೀಸಿದ. ಅವರು ತಿರುಗಿ ಬೀಸಲಿಲ್ಲ.

ಲಿಂಗಾಯತರಲ್ಲಿ ಶವವನ್ನು ಕುಳಿತ ಭಂಗಿಯಲ್ಲೇ ಮೆರವಣಿಗೆ ಮಾಡಿ, ಹಾಗೆಯೇ ಸಮಾಧಿ ಮಾಡುವುದು ಎಂದು ಯಾರೋ ಕಿವಿಯಲ್ಲಿ ಹೇಳಿದ ಮೇಲೆ ಅವನ ಮುಖ ನೋಡಬೇಕಿತ್ತು. ಆ ಮನೆಯವರು ಮಾತ್ರ ಒಂದಿಷ್ಟೂ ಬೇಸರಪಟ್ಟುಕೊಳ್ಳಲಿಲ್ಲ. ತುಂಬು ಬಾಳು ಬಾಳಿ ಹೋದ ಅಜ್ಜನ ಮೆರವಣಿಗೆಯಲ್ಲಿ ಪರದೇಶಿ ಹುಡುಗನೂ ಕುಣಿದ ಎಂದು ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಕುಕ್ಕರಹಳ್ಳಿ ಏರಿ

“ಅವರು ತಿರುಗಿ ಬೀಸಲಿಲ್ಲ.” ನಗುವುದೋ ಬಿಡುವುದೋ ತಿಳಿಯುತ್ತಿಲ್ಲ.

ಪೀಣ್ಯ ಎರಡನೇ ಹಂತ

ಇದಕ್ಕೆ ಸಾಟಿಯಾದದ್ದು ಆಯುಧಪೂಜೆಯ ಸಂಜೆ. ನಮ್ಮ ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದಿದ್ದ ಕೊರಿಯಾದ ತಂತ್ರಜ್ಞರು ಊಟ ಮುಗಿಸಿ ರಸ್ತೆಗೆ ಬಂದಾಗ ಎಲ್ಲೆಲ್ಲೂ ಒಡೆದ ಬೂದುಗುಂಬಳ, ಅದರೊಳಗಿನ ಕುಂಕುಮ ಡಾಂಬರಿನ ಮೇಲೆಲ್ಲ ಚೆಲ್ಲಿ ಕೆಂಪಗೆ. ಒಬ್ಬರು ಗಲಭೆ ನಡೆದಿದೆ ಎಂದು ತಮ್ಮ ಸಹೋದ್ಯೋಗಿಗಳಿಗೆ ಸಂದೇಶ ಕಳಿಸಿದ್ದರು. ಮಾರನೆಯ ದಿನ ತಾವು ತಿಂಗಳಿಡೀ ಜೋಡಿಸಿದ ಯಂತ್ರಕ್ಕೆ ಅರಿಸಿನ, ಕುಂಕುಮ, ಚೆಂಡುಹೂವಿನ ಹಾರ ಕಂಡು ಎರಡನೇ ಆಘಾತ. “ಒಳಗೆ ಎಲ್ಲಿಯಾದರೂ ಕುಂಕುಮ ಹಾಕಿದ್ದೀರಾ?” ಎನ್ನುವುದೊಂದೇ ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ.

ಅಂದಹಾಗೆ, ಹೀಗೆ ರಸ್ತೆಯಲ್ಲಿ ಒಡೆದುಹೋದ ಕುಂಬಳಕಾಯಿಯ ಮೇಲೆ ಜಾರಿ ಬೀಳುವ ದ್ವಿಚಕ್ರ ಸವಾರರ ಬಗ್ಗೆ ನಾವೂ ಒಂದು ಚರ್ಚೆ ನಡೆಸಬೇಕು. ಅದು ತಪ್ಪು ತಿಳಿವಳಿಕೆಯ ವಿಷಯವಲ್ಲ, ನಮ್ಮ ತಪ್ಪಿನ ವಿಷಯ.

ಎರಡನೇ ಡಿಕಾಕ್ಷನ್

ಕಟ್ಟುತ್ತಿರುವ ಮನೆಗೆ ತೂಗು ಹಾಕುವ ಮೀಸೆಯ ದೃಷ್ಟಿಬೊಂಬೆಯನ್ನು ಮನೆ ಮಾಲೀಕರ ಭಾವಚಿತ್ರ ಎಂದುಕೊಂಡವರು ನನಗೆ ಗೊತ್ತು.

ಹಳೆ ದಾಖಲೆ

ಇದೆಲ್ಲ ಇಂದು ನಿನ್ನೆಯದಲ್ಲ. 1623ರಲ್ಲಿ ಇಟಲಿಯ ಪಿಯೆತ್ರೋ ದೆಲ್ಲಾ ವಾಲ್ಲೆ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಬಂದಿದ್ದ. ಪಾತ್ರೆಯನ್ನು ತುಟಿಗೆ ತಾಗಿಸದೆ ಮೇಲಿಂದ ನೀರು ಸುರಿದುಕೊಂಡು ಕುಡಿಯುವ ನಮ್ಮ ಪದ್ಧತಿಯನ್ನು ಅವನು ತನ್ನ ಪತ್ರಗಳಲ್ಲಿ ವಿವರವಾಗಿ ಬರೆದಿದ್ದಾನೆ.

ಅದಕ್ಕಿಂತ ಸೊಗಸಾದದ್ದು ಆ ದಾರಿಯಲ್ಲಿ ದೇವಸ್ಥಾನದ ಜಗುಲಿಯೊಂದರಲ್ಲಿ ಕಂಡ ನಾಲ್ವರು ಹುಡುಗರ ಕಥೆ. ನೆಲದ ಮೇಲೆ ಸಣ್ಣ ಮರಳು ಹರಡಿ, ಒಬ್ಬ ರಾಗವಾಗಿ ಹೇಳುತ್ತ ಬೆರಳಿನಿಂದ ಬರೆಯುವುದು, ಉಳಿದವರು ಅದನ್ನೇ ಹೇಳುತ್ತ ಬರೆಯುವುದು. ಲೆಕ್ಕ ಕಲಿಯುತ್ತಿದ್ದರು, ಗುರುಗಳಿರಲಿಲ್ಲ. ಮರೆತರೆ ತಿದ್ದುವವರು ಯಾರು ಎಂದು ಇವನು ಕೇಳಿದ. ಒಬ್ಬರಿಗೊಬ್ಬರು ಕಲಿಸಿಕೊಳ್ಳುತ್ತೇವೆ, ನಾಲ್ವರೂ ಒಂದೇ ಜಾಗದಲ್ಲಿ ಎಡವುವುದು ಸಾಧ್ಯವಿಲ್ಲ ಎಂದು ಅವರು ಉತ್ತರ ಕೊಟ್ಟರು. ಅವನು ಮೆಚ್ಚಿ ಬರೆದುಕೊಂಡ. ನಿಂತು ಕೇಳಿದ್ದರಿಂದ ತಾನೇ ಅದು ಗೊತ್ತಾಗಿದ್ದು? ಈಗಿನವರು ಫೋಟೊ ತೆಗೆದುಕೊಂಡು ಮುಂದೆ ಹೋಗುತ್ತಾರೆ.

ಗುಲ್ಮೊಹರ್

ಈಗಿನವರ ಮೇಲೆ ಅಷ್ಟು ಕೋಪ ಬೇಡ. ಮೈಸೂರು ಅರಮನೆಯ ಮುಂದೆ ನಮ್ಮವರೇ ಸಾಲುಗಟ್ಟಿ ಅವರ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಾರೆ, ಅಳುತ್ತಿರುವ ಮಗುವನ್ನು ತಂದು ಅವರ ಕೈಗೆ ಕೊಡುತ್ತಾರೆ. ಅಪರಿಚಿತರು ಯಾಕೆ ಹೀಗೆ ಮಾಡುತ್ತಾರೆ ಎಂದು ಒಬ್ಬಳು ನನ್ನನ್ನು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಅದೇ ಹುಡುಗಿ ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ಒದ್ದೆ ಸೀರೆಯ ಹೆಂಗಸರ ಚಿತ್ರವನ್ನು ಒಂದು ಮಾತೂ ಕೇಳದೆ ತೆಗೆದಿದ್ದಳು ಎನ್ನುವುದನ್ನೂ ಹೇಳಬೇಕು. ಸೂಚನೆಯಲ್ಲಿ ಈ ಸಾಲು ಇರಲಿ: ಕೇಳಿ ತೆಗೆಯಿರಿ, ನಿಮ್ಮನ್ನು ಕೇಳಿದಾಗ ಬೇಡ ಎನ್ನುವ ಹಕ್ಕು ನಿಮಗೂ ಇದೆ.

ನಾಲ್ಕನೇ ಲೋಟ

ಎಲ್ಲರೂ ನಗುತ್ತಿರುವಾಗ ಕಹಿ ಮಾತು ಆಡುತ್ತಿದ್ದೇನೆ. ಕ್ಷಮೆಯೇನೂ ಕೇಳುವುದಿಲ್ಲ.

ನನ್ನ ಪರಿಚಯದ ಮನೆಯೊಂದರಲ್ಲಿ ಉಳಿದುಕೊಂಡಿದ್ದ ಡಚ್ ಮಹಿಳೆ ಬೆಳಿಗ್ಗೆ ಮನೆಗೆಲಸದವರಿಗೂ ಕಾಫಿ ಮಾಡಿ, ಶೆಲ್ಫಿನಲ್ಲಿದ್ದ ಲೋಟದಲ್ಲಿ ಕೊಟ್ಟು, ಪಕ್ಕದಲ್ಲೇ ಕುರ್ಚಿ ಎಳೆದು ಕೂರಿಸಿಕೊಂಡರು. ಮನೆಯೊಡತಿ ಬಿಳುಪೇರಿದರು. ಆ ಕೆಲಸದವರ ಲೋಟ ಕಿಟಕಿಯ ಮೇಲೆ ಬೇರೆಯೇ ಇತ್ತು. ನಂತರ ಸಿಕ್ಕ ವಿವರಣೆ: “ಪಾಪ, ಅವರಿಗೆ ನಮ್ಮ ಪದ್ಧತಿ ಗೊತ್ತಿಲ್ಲ.” ಅವರಿಗೆ ಚೆನ್ನಾಗಿಯೇ ಗೊತ್ತಾಗಿತ್ತು. ಕಿಟಕಿಯ ಮೇಲೆ ಒಂಟಿ ಲೋಟ ಯಾಕೆ ಎಂದು ಕೇಳಿದವರು ಅವರೇ. ಮನೆಯೊಡತಿ ಹೇಳಿದ್ದು ಸ್ವಚ್ಛತೆ ಎಂದು.

ಮೇಲೆ ಹಳೆ ದಾಖಲೆಯವರು ಎತ್ತಿ ನೀರು ಕುಡಿಯುವುದನ್ನು ಹೊಗಳಿದ್ದಾರೆ. ಒಳ್ಳೆಯ ಪದ್ಧತಿಯೇ. ಆದರೆ ಯಾರಿಗೆ ಕೊಡದೊಳಗಿಂದ ನೀರು, ಯಾರಿಗೆ ಬೊಗಸೆಗೆ ಮೇಲಿಂದ ಸುರಿದ ನೀರು ಎನ್ನುವ ಲೆಕ್ಕವೂ ಅದೇ ಅಂಗಳದಲ್ಲಿ ನಡೆಯುತ್ತಿತ್ತಲ್ಲವೇ? ಬಂದವರಿಗೆ ಇರಿಸುಮುರಿಸಾದುದೆಲ್ಲವನ್ನೂ ತಪ್ಪು ತಿಳಿವಳಿಕೆಯ ಪಟ್ಟಿಗೆ ಸೇರಿಸಿಬಿಟ್ಟರೆ ನಮಗೆ ಬಹಳ ಅನುಕೂಲ.

ಹಳೆ ದಾಖಲೆ

ನಾನು ಹೊಗಳಲಿಲ್ಲ, ಅವನು ಬರೆದದ್ದನ್ನು ಹೇಳಿದೆ. ಉಳಿದ ಮಾತಿಗೆ ನನ್ನ ತಕರಾರಿಲ್ಲ.

ಶಂಖಪುಷ್ಪ

ಒಂದು ಮನೆಯ ಕಥೆ ಹೇಳಿ ಎಲ್ಲ ಮನೆಗಳಿಗೂ ಮಸಿ ಬಳಿಯುವುದು ಸರಿಯೇ? ನಮ್ಮ ಮನೆಯಲ್ಲಿ ಹಾಗಿಲ್ಲ.

ನಾಲ್ಕನೇ ಲೋಟ

ನಿಮ್ಮ ಮನೆಯಲ್ಲಿ ಹಾಗಿಲ್ಲದಿದ್ದರೆ ಬಹಳ ಸಂತೋಷ. ನಾನು ನಿಮ್ಮ ಮನೆಯ ಹೆಸರನ್ನೂ ಎತ್ತಿಲ್ಲ, ಎಲ್ಲ ಮನೆಗಳು ಎಂದೂ ಹೇಳಿಲ್ಲ.

ಮೇಲ್ಮಹಡಿ, ಮೈಸೂರು

ದಯವಿಟ್ಟು ಇಬ್ಬರೂ ಸ್ವಲ್ಪ ನಿಧಾನ. ಲೋಟದ ಮಾತು ನಾಟಿತು. ಅದು ಗೋಡೆಯ ಮೇಲೆ ಅಂಟಿಸುವ ವಿಷಯವಲ್ಲ, ಅಡುಗೆಮನೆಯಲ್ಲಿ ಸರಿಮಾಡುವ ವಿಷಯ.

ಈಗ ಆಹಾರಕ್ಕೆ ಬರೋಣ. ಯೋಗಕ್ಕೆ ಬರುವವರೆಲ್ಲ ಇಡೀ ದೇಶವೇ ಸಸ್ಯಾಹಾರಿ ಎಂದು ನಂಬಿಕೊಂಡು ಬರುತ್ತಾರೆ. ಭಾನುವಾರ ಬೆಳಿಗ್ಗೆ ಮಟನ್ ಅಂಗಡಿಯ ಮುಂದಿನ ಸಾಲು ನೋಡಿ ಕಂಗಾಲಾಗುತ್ತಾರೆ.

ದೊನ್ನೆ

ಮಟನ್ ಪಲಾವಿಗೆ ಹೆಸರಾದ ಮೈಸೂರಿನಲ್ಲಿ ನಿಂತು ಹೀಗೆ ನಂಬುವುದಕ್ಕೆ ನಿಜವಾಗಿಯೂ ಬಹಳ ಯೋಗಸಾಧನೆ ಬೇಕು. ಕೇಂದ್ರ ಸರ್ಕಾರದ 2014ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮಾಂಸಾಹಾರಿಗಳು ಶೇ 79ರ ಆಸುಪಾಸು. ದೇಶದ ಲೆಕ್ಕ ತೆಗೆದರೂ ಹತ್ತರಲ್ಲಿ ಏಳು ಜನ. ಮೊಟ್ಟೆಯ ವಿಷಯವನ್ನೂ ಸೇರಿಸಿ: ಅವರ ಊರಿನಲ್ಲಿ ಅನೇಕ ಸಸ್ಯಾಹಾರಿಗಳು ಮೊಟ್ಟೆ ತಿನ್ನುತ್ತಾರೆ, ನಮ್ಮಲ್ಲಿ ಮೊಟ್ಟೆ ಒಡೆದ ಬಾಣಲೆಯನ್ನೂ ಒಳಗೆ ಬಿಡದ ಮನೆಗಳಿವೆ.

ಮಂಜಿನ ಮನೆ, ಮಡಿಕೇರಿ

ಭಾರತದ ಮದುವೆ ಎಂದರೆ ಹೋಮಕುಂಡ, ಪುರೋಹಿತರು, ಕುದುರೆಯ ಮೇಲೆ ವರ ಎಂದು ಸಿನಿಮಾ ನೋಡಿ ಬಂದವರಿಗೆ ನಮ್ಮ ಕೊಡವ ಮದುವೆ ತೋರಿಸಿ. ಪುರೋಹಿತರಿಲ್ಲ, ಹೋಮವಿಲ್ಲ. ಹಂದಿ ಸಾರು ಇದೆ, ಮದ್ಯ ಇದೆ. ವರ ಬಿಳಿ ಕುಪ್ಯ ತೊಟ್ಟು ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿರುತ್ತಾನೆ, ಬಾಳೆಯ ದಿಂಡುಗಳನ್ನು ಕತ್ತಿಯಿಂದ ಕಡಿದುರುಳಿಸುವ ಶಾಸ್ತ್ರವೂ ಇದೆ. ನನ್ನ ಅಣ್ಣನ ಮದುವೆಗೆ ಬಂದ ಕೆನಡಾದ ಗೆಳತಿ ಆ ಹೊತ್ತಿಗೆ ಸರಿಯಾಗಿ ಮೂರು ಹೆಜ್ಜೆ ಹಿಂದೆ ಸರಿದಿದ್ದಳು. ಸಂಜೆಯ ಹೊತ್ತಿಗೆ ಅವಳನ್ನು ಕುಣಿತದಿಂದ ಬಿಡಿಸಲಾಗಲಿಲ್ಲ.

ಉಣಕಲ್ ದಂಡೆ

ಅದು ಹೊರದೇಶದವರ ತಪ್ಪಷ್ಟೇ ಅಲ್ಲ. ಕುದುರೆಯ ಮೇಲಿನ ವರ ಈಗ ನಮ್ಮ ಬೀದಿಗೂ ಬಂದಿದ್ದಾನೆ.

ಆನೆಗೊಂದಿ ದೋಣಿ

ಹಂಪಿಯಿಂದ ಒಂದು ಮಾತು. ವಿಟ್ಠಲ ದೇವಸ್ಥಾನದ ಟಿಕೆಟ್ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600. ಆ ಫಲಕ ಕಂಡ ಕೂಡಲೇ ಅನೇಕರು ತಮ್ಮನ್ನು ಸುಲಿಯುತ್ತಿದ್ದಾರೆ ಎಂದು ತೀರ್ಮಾನಿಸಿ, ನಂತರ ಎಳನೀರಿನವನ ಜೊತೆಗೂ ಅದೇ ಸಿಟ್ಟಿನಿಂದ ಚೌಕಾಸಿಗೆ ಇಳಿಯುತ್ತಾರೆ. ಸ್ಮಾರಕದ ದರ ಸರ್ಕಾರದ್ದು, ಹಂಪಿ ಒಂದಕ್ಕೇ ಅಲ್ಲ. ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಪಟ್ಟದಕಲ್ಲಿನಂಥ ಕಡೆಯೂ ಎರಡು ದರಗಳಿವೆ. ಎಳನೀರಿನವನು ಹೇಳಿದ ಬೆಲೆ ಹೆಚ್ಚಾಗಿರಬಹುದು, ಆದರೆ ಅವನಿಗೂ ಫಲಕಕ್ಕೂ ಸಂಬಂಧವಿಲ್ಲ.

ಗುಲ್ಮೊಹರ್

ಎಲ್ಲ ವಿದೇಶಿಯರಿಗೂ 600 ಅಲ್ಲ. ನೇಪಾಳ, ಶ್ರೀಲಂಕಾದಂಥ ಸಾರ್ಕ್ ದೇಶಗಳಿಗೂ ಬಂಗಾಳ ಕೊಲ್ಲಿ ಸುತ್ತಲಿನ ಬಿಮ್‌ಸ್ಟೆಕ್ ಕೂಟದ ದೇಶಗಳಿಗೂ ಭಾರತೀಯರ ದರವೇ. ಹಾಗಾಗಿ ಥಾಯ್ಲೆಂಡಿನವರಿಗೂ 40. ಪಾಸ್‌ಪೋರ್ಟ್ ತೋರಿಸಲು ಹೇಳಿ.

ಆನೆಗೊಂದಿ ದೋಣಿ

ಸರಿ, ಅದು ಬಿಟ್ಟುಹೋಗಿತ್ತು. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಯಾವ ದೇಶದವರಾದರೂ ಉಚಿತ ಎಂಬುದನ್ನೂ ಸೇರಿಸೋಣ.

ಕುಶಾಲನಗರ ತಿರುವು

ಪಾಸ್‌ಪೋರ್ಟ್ ಎಂದಾಗ ನೆನಪಾಯಿತು. ಕೋಣೆ ಕೊಡುವಾಗ ಪಾಸ್‌ಪೋರ್ಟ್, ವೀಸಾ ಪ್ರತಿ ಕೇಳಿದರೆ ಕೆಲವರು ಮುಖ ಗಂಟಿಕ್ಕುತ್ತಾರೆ, ನೀವು ಪೊಲೀಸರೇ ಎನ್ನುತ್ತಾರೆ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ವಿವರ ಸಲ್ಲಿಸುವುದು ಮನೆ ಕೊಟ್ಟವರ ಹೊಣೆ. ಮಾಡದಿದ್ದರೆ ಸಿಕ್ಕಿಬೀಳುವವರು ನಾವು. ಇದನ್ನು ಪುಟದ ಮೊದಲ ಸಾಲಾಗಿ ಹಾಕಿ. ಇನ್ನೊಂದು: ಮೈಸೂರಿನಿಂದ ಬೈಲಕುಪ್ಪೆಗೆ ಹಗಲಿನಲ್ಲಿ ಹೋಗಿ ಬರುವುದು ಸುಲಭ, ಆದರೆ ಟಿಬೆಟನ್ ಶಿಬಿರದೊಳಗೆ ರಾತ್ರಿ ತಂಗಬೇಕಾದರೆ ವಿದೇಶಿಯರಿಗೆ ಸಂರಕ್ಷಿತ ಪ್ರದೇಶದ ಪರವಾನಗಿ ಬೇಕು. ಸ್ವರ್ಣ ದೇವಾಲಯ ನೋಡಿ ಮನಸ್ಸು ತುಂಬಿ ಇಲ್ಲೇ ಇರುತ್ತೇವೆ ಎನ್ನುವವರನ್ನು ಎಬ್ಬಿಸಿ ಕಳಿಸುವುದು ನಮಗೂ ಸಂಕಟ.

ಇನಿಶಿಯಲ್ ಇಲ್ಲದವ, ಆಮ್‌ಸ್ಟರ್‌ಡಾಮ್

ಹೆಸರಿನ ಗೋಜಲನ್ನು ಯಾರೂ ಎತ್ತಲಿಲ್ಲ. ಅವರ ಲೆಕ್ಕದಲ್ಲಿ ಕೊನೆಯ ಹೆಸರು ಮನೆತನದ್ದು. ನಮ್ಮ ಹಳೆ ಮೈಸೂರಿನ ಕಡೆ ಊರು, ತಂದೆ, ಆಮೇಲೆ ತನ್ನ ಹೆಸರು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ, ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ. ಊರಿಗೆ ನನ್ನ ಜೊತೆ ಬಂದ ಸಹೋದ್ಯೋಗಿ ನಮ್ಮ ತಂದೆಯನ್ನು ನನ್ನ ಹೆಸರಿನಿಂದ ಗೌರವಪೂರ್ವಕವಾಗಿ ಸಂಬೋಧಿಸಿದ. ನಮ್ಮ ತಾಯಿಯನ್ನು ಶ್ರೀಮತಿ ಎಂದು ನನ್ನದೇ ಹೆಸರು ಸೇರಿಸಿ ಕರೆದ. ಊಟ ಮುಗಿಯುವವರೆಗೂ ಯಾರು ಯಾರ ಏನು ಎಂಬುದು ಅವನಿಗೆ ತಿಳಿಯಲಿಲ್ಲ.

ಇದು ಬರೀ ತಮಾಷೆಯಲ್ಲ. 2022ರ ನವೆಂಬರಿನಲ್ಲಿ ಯುಎಇ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಭೇಟಿ ವೀಸಾದಲ್ಲಿ ಪ್ರವೇಶವಿಲ್ಲ ಎಂದಾಗ ನಮ್ಮವರು ಎಷ್ಟು ಜನ ಪರದಾಡಿದರು!

ಎರಡನೇ ಡಿಕಾಕ್ಷನ್

ನನ್ನ ದೃಷ್ಟಿಯಲ್ಲಿ ಅತಿ ದೊಡ್ಡ ಗೊಂದಲ ಇದಾವುದೂ ಅಲ್ಲ. ನಾವು ಬೇಡ, ಆಗುವುದಿಲ್ಲ, ಗೊತ್ತಿಲ್ಲ ಎಂಬ ಮೂರನ್ನು ಬಾಯಿಬಿಟ್ಟು ಹೇಳುವುದಿಲ್ಲ. ದಾರಿ ಕೇಳಿದರೆ ಗೊತ್ತಿಲ್ಲದಿದ್ದರೂ ಕೈ ತೋರಿಸುತ್ತೇವೆ, ಏಕೆಂದರೆ ಕೇಳಿದವರನ್ನು ಬರಿಗೈಯಲ್ಲಿ ಕಳಿಸಬಾರದು. ಗ್ಯಾರೇಜಿನವನು ನಾಳೆ ಎನ್ನುತ್ತಾನೆ, ಏಕೆಂದರೆ ಮುಂದಿನ ವಾರ ಎಂದರೆ ನಿಮಗೆ ಬೇಸರವಾಗುತ್ತದೆ. ಒಳಗೆ ಸೌಜನ್ಯವೇ ಇದೆ. ಎದುರಿನವರ ಕಣ್ಣಿಗೆ ಅದು ಸುಳ್ಳು.

ಗುಲ್ಮೊಹರ್

ಸೌಜನ್ಯವೋ ಸೋಮಾರಿತನವೋ? ನಾನೂ ಇಲ್ಲೇ ಹುಟ್ಟಿ ಬೆಳೆದವಳು, ಗ್ಯಾರೇಜಿನವನ ನಾಳೆಯಿಂದ ನನಗೂ ಅಷ್ಟೇ ರಕ್ತದೊತ್ತಡ ಏರುತ್ತದೆ.

ಶಂಖಪುಷ್ಪ

ಇದನ್ನು ಪೂರ್ತಿ ಒಪ್ಪುತ್ತೇನೆ. “ಒಮ್ಮೆ ಮನೆಗೆ ಊಟಕ್ಕೆ ಬನ್ನಿ” ಎಂದು ಬಸ್ಸಿನಲ್ಲಿ ಪರಿಚಯವಾದ ಪೋಲೆಂಡಿನ ಹುಡುಗಿಗೆ ನಮ್ಮ ಅತ್ತೆ ಹೇಳಿದರು. ಅವಳು ಡೈರಿ ತೆಗೆದು ಯಾವ ದಿನ, ಎಷ್ಟು ಗಂಟೆಗೆ ಎಂದು ಕೇಳಿದಳು. ಅತ್ತೆ ತಬ್ಬಿಬ್ಬಾಗಿ ಗುರುವಾರ ಎಂದರು. ಗುರುವಾರ ಅವಳು ಹೇಳಿದ ಗಂಟೆಗೆ ಒಂದು ನಿಮಿಷವೂ ಆಚೀಚೆಯಾಗದೆ ಬಾಗಿಲಲ್ಲಿ ನಿಂತಿದ್ದಳು, ಅತ್ತೆ ಇನ್ನೂ ಸ್ನಾನದ ಮನೆಯಲ್ಲಿದ್ದರು. ಈಗ ಪ್ರತಿ ದೀಪಾವಳಿಗೆ ಅವಳಿಂದ ಫೋನ್ ಬರುತ್ತದೆ. ಅತ್ತೆ ಅಂದಿನಿಂದ ಯಾರನ್ನೂ ಬಾಯಿಮಾತಿಗೆ ಕರೆಯುವುದಿಲ್ಲ, ದಿನ ಹೇಳಿಯೇ ಕರೆಯುತ್ತಾರೆ.

ಕುಕ್ಕರಹಳ್ಳಿ ಏರಿ

ಧರ್ಮಸ್ಥಳದಲ್ಲಿ ಗಂಡಸರು ಅಂಗಿ ಬಿಚ್ಚಿ ಒಳಗೆ ಹೋಗಬೇಕು ಎಂಬುದನ್ನೂ ಮೊದಲೇ ಹೇಳಿ. ನಮ್ಮ ಅತಿಥಿ ವೈದ್ಯಕೀಯ ತಪಾಸಣೆ ಇರಬಹುದು ಎಂದುಕೊಂಡಿದ್ದ. ಆಮೇಲೆ ಶಿವನ ದೇವಸ್ಥಾನ, ವೈಷ್ಣವ ಅರ್ಚಕರು, ಜೈನ ಧರ್ಮಾಧಿಕಾರಿ ಎಂದು ಹೇಳಿದೆ. ಅವನು ಹೊರಗಿನ ಮೆಟ್ಟಿಲ ಮೇಲೆ ಕುಳಿತು ಬಹಳ ಹೊತ್ತು ಏನನ್ನೋ ಪುಸ್ತಕದಲ್ಲಿ ಬರೆದುಕೊಂಡ. ಬಹುಶಃ ಹಿಂದೆ ಬರೆದದ್ದನ್ನು ಹೊಡೆದುಹಾಕುತ್ತಿದ್ದ.

ದೊನ್ನೆ

ಇಬ್ಬರು ಗೆಳೆಯರು ಕೈಕೈ ಹಿಡಿದು ನಡೆಯುವುದನ್ನೂ ಸೇರಿಸಿ. ಮತ್ತು ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವ ಬೈಟು ಬಡತನದ ಲಕ್ಷಣವಲ್ಲ ಎಂಬುದನ್ನು.

ಎರಡನೇ ಡಿಕಾಕ್ಷನ್

ಬೈಟು ಬೆಂಗಳೂರಿನ ಜಿಪುಣತನ. ಮೈಸೂರಿನಲ್ಲಿ ಪೂರ್ತಿ ಕಾಫಿ ಕುಡಿಯುತ್ತೇವೆ.

ಪೀಣ್ಯ ಎರಡನೇ ಹಂತ

ಬೆಂಗಳೂರಿನ ಬೈಟುವಿನಲ್ಲಿ ಎರಡು ಲೋಟ ಸೇರಿಸಿದರೆ ಒಂದು ಕಾಫಿಗಿಂತ ಹೆಚ್ಚೇ ಬರುತ್ತದೆ. ಇದು ಲೆಕ್ಕ, ಜಿಪುಣತನವಲ್ಲ.

ಕೆರೆಗೋಡು ರಸ್ತೆ, ಮಂಡ್ಯ

ತಡವಾಗಿ ಬಂದಿದ್ದೇನೆ, ತುರ್ತು ಪ್ರಶ್ನೆ. ನಾಳೆ ಮಧ್ಯಾಹ್ನ ಮಗಳ ಕಾಲೇಜಿಗೆ ಬಂದಿರುವ ಇಬ್ಬರು ಫ್ರೆಂಚ್ ವಿದ್ಯಾರ್ಥಿಗಳು ನಮ್ಮಲ್ಲಿ ಊಟಕ್ಕೆ. ಮುದ್ದೆ, ಬಸ್ಸಾರು ಮಾಡಬೇಕೆಂದಿದ್ದೇವೆ. ಮುದ್ದೆಯನ್ನು ಅಗಿಯದೆ ನುಂಗಬೇಕು ಎಂದು ಅವರಿಗೆ ಹೇಗೆ ವಿವರಿಸುವುದು?

ಉಣಕಲ್ ದಂಡೆ

ಜೋಳದ ರೊಟ್ಟಿ ಮಾಡಿ. ಅಗಿಯಬಹುದು.

ದೊನ್ನೆ

ವಿವರಿಸಬೇಡಿ. ತುತ್ತು ಚಿಕ್ಕದಾಗಿ ಮುರಿದು ಸಾರಿನಲ್ಲಿ ಅದ್ದಿ ನೀವೇ ಮೊದಲು ಉಣ್ಣಿ, ಅವರು ನೋಡುತ್ತಾರೆ. ಅಗಿದರೆ ಅಗಿಯಲಿ, ಹಲ್ಲಿಗೆ ಮೆತ್ತಿಕೊಂಡ ಮೇಲೆ ಎರಡನೇ ತುತ್ತನ್ನು ತಾವೇ ನುಂಗುತ್ತಾರೆ. ಸಾರು ಮಾತ್ರ ಹೆಚ್ಚಿಗೆ ಇಟ್ಟುಕೊಳ್ಳಿ, ಖಾರ ಕಡಿಮೆ ಮಾಡಿ.

ಕೆರೆಗೋಡು ರಸ್ತೆ, ಮಂಡ್ಯ

ಖಾರ ಕಡಿಮೆ ಮಾಡಲು ನಮ್ಮ ತಾಯಿ ಒಪ್ಪುತ್ತಿಲ್ಲ. ತುಪ್ಪ, ಮಜ್ಜಿಗೆ ಪಕ್ಕದಲ್ಲಿ ಇಡುತ್ತೇವೆ.